ಪ್ಲೇಟ್‌ಲೆಟ್ ಎಷ್ಟು ಎಂದು ಎಲ್ಲರೂ ಕೇಳಿದರು: ಡೆಂಗಿಯ ದಿನಗಳಲ್ಲಿ ರಕ್ತದ ವರದಿಗಳನ್ನು ಓದಿದ ಅನುಭವ

ನಮ್ಮ ಮನೆಯವರು ಡೆಂಗಿ ಜ್ವರದಿಂದ ಪಾರಾಗಿ ಆಸ್ಪತ್ರೆಯಿಂದ ಮನೆಗೆ ಬಂದು ಹೆಚ್ಚು ದಿನಗಳಾಗಿಲ್ಲ. ನಾನು ಶಿವಮೊಗ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಬೋಧಿಸುವವಳು. ಪ್ರತಿಕಾಯ, ಬಿಳಿ ರಕ್ತಕಣ, ಉರಿಯೂತ ಎಂಬ ಪದಗಳನ್ನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಆದರೂ ಪ್ರಯೋಗಾಲಯದವರು ಮೊಬೈಲಿಗೆ ಕಳುಹಿಸಿದ ವರದಿಯಲ್ಲಿ ಸಾಲುಸಾಲಾಗಿ ಕೆಂಪು ಅಕ್ಷರದ ಅಂಕಿಗಳನ್ನು ಕಂಡಾಗ ಯಾವುದಕ್ಕೆ ಹೆದರಬೇಕು, ಯಾವುದನ್ನು ಬದಿಗಿಡಬೇಕು ಎಂಬುದು ನನಗೂ ತಿಳಿಯಲಿಲ್ಲ. ರೋಗ ಯಾರಲ್ಲಿ ತೀವ್ರವಾಗುತ್ತದೆ, ಯಾರಲ್ಲಿ ತಾನಾಗಿ ಇಳಿಯುತ್ತದೆ ಎಂಬುದರ ಸುಳಿವು ರಕ್ತದಲ್ಲಿ ಇರುತ್ತದೆ. ಆದರೆ ಆ ಸುಳಿವು ಯಾವ ದಿನ ಯಾವ ಅಂಕಿಯಲ್ಲಿ ಇರುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಮಳೆಗಾಲ ಇನ್ನೂ ಮುಗಿದಿಲ್ಲವಾದ್ದರಿಂದ, ಇದೇ ದಾರಿಯಲ್ಲಿ ಬರುವವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

ಅವರು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಒಂದು ಭಾನುವಾರ ರಾತ್ರಿ ಊಟಕ್ಕೆ ಕುಳಿತವರು ಚಳಿ ಎಂದು ಎದ್ದುಹೋದರು. ಅರ್ಧ ಗಂಟೆಯಲ್ಲಿ ಜ್ವರ 103 ಡಿಗ್ರಿಗೆ ಏರಿತ್ತು. ಕಣ್ಣಿನ ಹಿಂಭಾಗದಲ್ಲಿ ನೋವು, ಸೊಂಟ ಮುರಿದಂತಹ ನೋವು, ಬಾಯಿಗೆ ಏನೂ ರುಚಿಸದಿರುವುದು, ಎಲ್ಲವೂ ಮಾರನೆಯ ದಿನ ಒಟ್ಟಿಗೆ ಬಂದವು. ನಮ್ಮ ಬಡಾವಣೆಯ ವೈದ್ಯರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಜ್ವರ ಯಾವತ್ತು, ಎಷ್ಟು ಹೊತ್ತಿಗೆ ಶುರುವಾಯಿತು?’ ಎಂದು. ಭಾನುವಾರ ರಾತ್ರಿ ಒಂಬತ್ತು ಗಂಟೆ ಎಂದು ನಾನು ಹೇಳಿದ್ದನ್ನು ಚೀಟಿಯ ತಲೆಯ ಮೇಲೆಯೇ ದೊಡ್ಡದಾಗಿ ಬರೆದರು. ಅಲ್ಲಿಂದ ಮುಂದೆ ನಾವು ಕಂಡ ಪ್ರತಿಯೊಬ್ಬ ವೈದ್ಯರೂ, ದಾದಿಯರೂ ಆ ಸಾಲನ್ನು ನೋಡಿಯೇ ಉಳಿದದ್ದನ್ನು ಓದಿದರು. ಡೆಂಗಿಯಲ್ಲಿ ಒಂದೇ ಅಂಕಿಗೆ ಮೂರನೆಯ ದಿನ ಒಂದು ಅರ್ಥ, ಆರನೆಯ ದಿನ ಬೇರೆಯೇ ಅರ್ಥ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಔಷಧಿ ತರುವ ಮೊದಲು ಹೊತ್ತನ್ನು ಬರೆದಿಡಿ ಎಂದು ನಾನೀಗ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಹೊರತು ಬೇರೆ ಯಾವ ನೋವಿನ ಮಾತ್ರೆಯನ್ನೂ ಕೊಡಬಾರದೆಂದು ವೈದ್ಯರು ಎರಡು ಸಲ ಎಚ್ಚರಿಸಿದರು. ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮುಂತಾದವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಮಲೆನಾಡಿನಲ್ಲಿ ಜ್ವರವೆಂದರೆ ವೈದ್ಯರ ತಲೆಯಲ್ಲಿ ಡೆಂಗಿಯೊಂದೇ ಇರುವುದಿಲ್ಲ. ಕಾಡಿಗೆ ಹೋಗಿದ್ದರೇ, ಉಣ್ಣೆ ಕಚ್ಚಿತ್ತೇ, ಗದ್ದೆಯ ಕೆಸರಿಗೆ ಇಳಿದಿದ್ದರೇ ಎಂದು ವಿಚಾರಿಸಿದರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿಯೂ ಬಿಳಿ ರಕ್ತಕಣ ಮತ್ತು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ. ಆದರೆ ಅದರ ಕಾಲ ಮುಖ್ಯವಾಗಿ ಚಳಿಗಾಲದಿಂದ ಬೇಸಿಗೆಯವರೆಗೆ. ಮಳೆಗಾಲದಲ್ಲಿ ಡೆಂಗಿಯ ಜೊತೆಗೆ ಇಲಿ ಜ್ವರದ ಅನುಮಾನವೇ ಹೆಚ್ಚು. ಅದಕ್ಕಾಗಿ ರಕ್ತಕಣಗಳನ್ನೆಲ್ಲ ಎಣಿಸುವ ಸಿಬಿಸಿ ಜೊತೆಗೆ ಸಿಆರ್‌ಪಿ ಎಂಬ ಪರೀಕ್ಷೆಯನ್ನೂ ಬರೆದುಕೊಟ್ಟರು. ಉರಿಯೂತವಿದ್ದಾಗ ಯಕೃತ್ತು ತಯಾರಿಸುವ ಈ ಪ್ರೋಟೀನ್ ಇಲಿ ಜ್ವರದಂತಹ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಬಹಳ ಏರುತ್ತದೆ, ಡೆಂಗಿಯಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಇವರದು ಸ್ವಲ್ಪವೇ ಏರಿತ್ತು. ಬಿಳಿ ರಕ್ತಕಣ 2,600ಕ್ಕೆ ಇಳಿದಿತ್ತು, ಪ್ಲೇಟ್‌ಲೆಟ್ 1,38,000 ಇತ್ತು, ರಕ್ತದಲ್ಲಿ ಕೆಂಪು ರಕ್ತಕಣಗಳ ಪಾಲು ಶೇಕಡ ಎಷ್ಟು ಎಂದು ಹೇಳುವ ಪಿಸಿವಿ ಎಂಬ ಸಾಲಿನಲ್ಲಿ 42 ಎಂದಿತ್ತು. ಆ 42 ಮುಂದೆ ನಮ್ಮ ಪಾಲಿಗೆ ಅತ್ಯಂತ ಮುಖ್ಯ ಅಂಕಿಯಾಗಲಿದೆ ಎಂಬುದು ಆಗ ಗೊತ್ತಿರಲಿಲ್ಲ.

ಡೆಂಗಿ ಪರೀಕ್ಷೆಯ ಬಗ್ಗೆ ಒಂದು ಮಾತು. ಕಾರ್ಡ್ ಪರೀಕ್ಷೆ ಅರ್ಧ ಗಂಟೆಯೊಳಗೆ ಉತ್ತರ ಕೊಡುತ್ತದೆ, ಎಲೈಸಾ ಪರೀಕ್ಷೆಗೆ ಹೆಚ್ಚು ಹೊತ್ತು ಬೇಕು. ಸರ್ಕಾರ ಖಚಿತ ಪ್ರಕರಣವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಲೈಸಾ ವರದಿಯನ್ನು. ನಮ್ಮ ವಿಮೆಯವರೂ ಕೊನೆಗೆ ಅದನ್ನೇ ಕೇಳಿದರು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಪ್ರಯೋಗಾಲಯಗಳಿಗೆ ಎನ್ಎಸ್1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300 ರೂಪಾಯಿ, ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಎಂದು ಗರಿಷ್ಠ ದರ ನಿಗದಿಪಡಿಸಿತ್ತು. ನಾವು ಹೋದ ಕಡೆ ಎಲ್ಲವನ್ನೂ ಸೇರಿಸಿದ ‘ಫೀವರ್ ಪ್ಯಾಕೇಜ್’ ಒಂದನ್ನು 2,400 ರೂಪಾಯಿಗೆ ಮುಂದಿಟ್ಟರು. ವೈದ್ಯರ ಚೀಟಿ ತೋರಿಸಿ, ಅದರಲ್ಲಿರುವುದಷ್ಟೇ ಸಾಕು ಎಂದ ಮೇಲೆ ಬಿಡಿಬಿಡಿಯಾಗಿ ಮಾಡಿಕೊಟ್ಟರು. ಎನ್ಎಸ್1 ಎಂಬುದು ವೈರಸ್ಸಿನದೇ ಪ್ರೋಟೀನ್. ಜ್ವರದ ಮೊದಲ ದಿನಗಳಲ್ಲಿಯೇ ಅದು ರಕ್ತದಲ್ಲಿ ಸಿಗುತ್ತದೆ. ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳುವುದಕ್ಕೆ ನಾಲ್ಕೈದು ದಿನ ಬೇಕು. ಎರಡನೆಯ ದಿನವೇ ಐಜಿಎಂ ಮಾಡಿಸಿ, ‘ನೆಗೆಟಿವ್’ ಬಂತೆಂದು ನಿಶ್ಚಿಂತರಾಗಿ ಕುಳಿತವರನ್ನು ನಾನು ಆಮೇಲೆ ವಾರ್ಡಿನಲ್ಲಿಯೇ ಕಂಡೆ.

ಇವರ ಎನ್ಎಸ್1 ಪಾಸಿಟಿವ್ ಬಂತು. ಅದನ್ನು ನಿರೀಕ್ಷಿಸಿದ್ದೆವು. ನಿರೀಕ್ಷಿಸದೆ ಇದ್ದದ್ದು ಮೂರನೆಯ ದಿನ ಮಾಡಿಸಿದ ಪರೀಕ್ಷೆಯಲ್ಲಿ ಐಜಿಎಂ ಇಲ್ಲದೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಗಟ್ಟಿಯಾಗಿ ಪಾಸಿಟಿವ್ ಬಂದದ್ದು. ವೈದ್ಯರು ಅದನ್ನು ಕಂಡೊಡನೆ, ‘ಹಿಂದೆ ಯಾವಾಗಲಾದರೂ ಡೆಂಗಿ ಆಗಿತ್ತಾ?’ ಎಂದರು. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಒಂದು ವಾರ ಜ್ವರದಲ್ಲಿ ಮಲಗಿದ್ದೆ, ಡೆಂಗಿ ಇರಬಹುದು ಎಂದಿದ್ದರು, ಪರೀಕ್ಷೆ ಮಾಡಿಸಿರಲಿಲ್ಲ ಎಂದು ಇವರು ನೆನಪಿಸಿಕೊಂಡರು. ಮೊದಲ ಸಲ ಸೋಂಕು ತಗುಲಿದವರಲ್ಲಿ ಐಜಿಜಿ ಇಷ್ಟು ಬೇಗ ಕಾಣುವುದಿಲ್ಲ. ಹಳೆಯ ಸೋಂಕಿನ ನೆನಪು ದೇಹದಲ್ಲಿ ಉಳಿದಿದ್ದರೆ ಮಾತ್ರ ಅದು ಜ್ವರದ ಆರಂಭದ ದಿನಗಳಲ್ಲಿಯೇ ಭರಭರನೆ ಏರುತ್ತದೆ. ಇದೇ ಕುಟುಂಬದ ಬೇರೆ ವೈರಸ್ಸುಗಳ ಪ್ರತಿಕಾಯಗಳೂ ಕೆಲವೊಮ್ಮೆ ಈ ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ ಎಂಬ ಎಚ್ಚರಿಕೆಯನ್ನೂ ವೈದ್ಯರು ಸೇರಿಸಿದರು. ಆದರೂ ಇದನ್ನು ಎರಡನೆಯ ಡೆಂಗಿ ಎಂದೇ ಇಟ್ಟುಕೊಂಡು ನಡೆಯೋಣ ಎಂದರು.

ಒಮ್ಮೆ ಬಂದುಹೋದ ರೋಗ ಎರಡನೆಯ ಸಲ ಹಗುರವಾಗಿರಬೇಕಲ್ಲವೇ ಎಂದು ಅತ್ತೆಯವರು ಕೇಳಿದರು. ಸಹಜವಾದ ಪ್ರಶ್ನೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದರೆ ಆ ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆ ಸಿಗುತ್ತದೆ, ಉಳಿದ ಮೂರರ ವಿರುದ್ಧ ಸಿಗುವ ರಕ್ಷಣೆ ಕೆಲವು ತಿಂಗಳುಗಳಲ್ಲಿ ಕರಗುತ್ತದೆ. ಆಮೇಲೆ ಬೇರೊಂದು ಬಗೆ ಬಂದಾಗ ಹಳೆಯ ಪ್ರತಿಕಾಯಗಳು ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ನಿಷ್ಕ್ರಿಯಗೊಳಿಸಲಾರವು. ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಪ್ರತಿಕಾಯದ ಬಾಲವನ್ನು ಹಿಡಿದು ಒಳಗೆಳೆದುಕೊಳ್ಳುವಾಗ ವೈರಸ್ ಕೂಡ ಜೀವಂತವಾಗಿ ಒಳಸೇರುತ್ತದೆ. ಕಳ್ಳನನ್ನು ಹಿಡಿದ ಕಾವಲುಗಾರ ಅವನನ್ನು ಖಜಾನೆಯ ಕೋಣೆಯಲ್ಲಿಯೇ ಕೂಡಿಹಾಕಿದಂತೆ. ಅಮೆರಿಕದ ವಿಜ್ಞಾನಿ ಸ್ಕಾಟ್ ಹಾಲ್‌ಸ್ಟೆಡ್ ಥಾಯ್ಲೆಂಡಿನ ಮಕ್ಕಳಲ್ಲಿ ಎರಡನೆಯ ಡೆಂಗಿ ಹೆಚ್ಚು ತೀವ್ರವಾಗುವುದನ್ನು ಗಮನಿಸಿ ದಶಕಗಳ ಹಿಂದೆಯೇ ಮಂಡಿಸಿದ ವಿಚಾರವಿದು. ನಿಕರಾಗುವಾ ದೇಶದಲ್ಲಿ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪ್ರತಿಕಾಯ ಬಹಳ ಕಡಿಮೆ ಇದ್ದವರಿಗಾಗಲಿ ಬಹಳ ಹೆಚ್ಚು ಇದ್ದವರಿಗಾಗಲಿ ಅಲ್ಲ, ನಡುವಿನ ಒಂದು ಮಟ್ಟದಲ್ಲಿದ್ದವರಿಗೇ ತೀವ್ರ ಡೆಂಗಿಯ ಅಪಾಯ ಹೆಚ್ಚೆಂದು ಅದು ತೋರಿಸಿತು. ಅದೇ ವರ್ಷ ಪ್ರಕಟವಾದ ಮತ್ತೊಂದು ಸಂಶೋಧನೆ ಇನ್ನೂ ಸೂಕ್ಷ್ಮವಾದದ್ದು. ಪ್ರತಿಕಾಯದ ಬಾಲದಲ್ಲಿ ಫ್ಯೂಕೋಸ್ ಎಂಬ ಸಕ್ಕರೆಯ ತುಣುಕು ಇಲ್ಲದಿದ್ದರೆ ಅದು ಬಿಳಿ ರಕ್ತಕಣಕ್ಕೆ ಇನ್ನೂ ಬಿಗಿಯಾಗಿ ಅಂಟುತ್ತದೆ, ಅಂತಹ ಪ್ರತಿಕಾಯಗಳು ಹೆಚ್ಚಾಗಿರುವವರಲ್ಲಿ ರೋಗ ತೀವ್ರವಾಗಿರುತ್ತದೆ ಎಂದು ಅದು ಕಂಡುಕೊಂಡಿತ್ತು. ಇದನ್ನು ಅಳೆಯುವ ಪರೀಕ್ಷೆ ಯಾವ ಊರಿನ ಪ್ರಯೋಗಾಲಯದಲ್ಲಿಯೂ ರೋಗಿಗೆ ಸಿಗುವುದಿಲ್ಲ. ನಮಗೆ ಸಿಕ್ಕದ್ದು ಐಜಿಜಿ ಪಾಸಿಟಿವ್ ಎಂಬ ಒಂದು ಸಾಲು. ಆ ಸಾಲಿನಿಂದ ತೀರ್ಮಾನವಾದದ್ದೂ ಒಂದೇ ಸಂಗತಿ: ಜ್ವರ ಇಳಿಯುವ ಹೊತ್ತಿಗೆ ಇವರು ಮನೆಯಲ್ಲಿರಬಾರದು.

ನಾಲ್ಕನೆಯ ದಿನ ಬೆಳಿಗ್ಗೆ ಒಂದು ಪ್ರಯೋಗಾಲಯದಲ್ಲಿ ಪ್ಲೇಟ್‌ಲೆಟ್ 74,000 ಎಂದು ಬಂತು. ನನ್ನ ಮೈದುನ ಗಾಬರಿಯಿಂದ ಮಧ್ಯಾಹ್ನ ಮತ್ತೊಂದು ಕಡೆ ಮಾಡಿಸಿದಾಗ 52,000 ಬಂತು. ಅರ್ಧ ದಿನದಲ್ಲಿ ಇಷ್ಟು ಕುಸಿಯಿತೇ ಎಂದು ಮನೆಯಲ್ಲಿ ಅಳು ಶುರುವಾಯಿತು. ಯಂತ್ರ ಎಣಿಸುವಾಗ ಒಂದಕ್ಕೊಂದು ಅಂಟಿಕೊಂಡ ಪ್ಲೇಟ್‌ಲೆಟ್‌ಗಳ ಗುಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದುಂಟು, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಅದು ತಿಳಿಯುತ್ತದೆ ಎಂದು ವೈದ್ಯರು ವಿವರಿಸಿದರು. ಎರಡು ಯಂತ್ರಗಳ ಅಂಕಿಗಳನ್ನು ಹೋಲಿಸಬೇಡಿ, ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ ಏರಿಳಿತವನ್ನು ನೋಡಿ ಎಂದರು. ವರದಿಯಲ್ಲಿ ಎರಡು ಹೊತ್ತುಗಳು ಇರುತ್ತವೆ: ರಕ್ತ ತೆಗೆದ ಹೊತ್ತು ಮತ್ತು ವರದಿ ಕೊಟ್ಟ ಹೊತ್ತು. ಬರೆದಿಡಬೇಕಾದದ್ದು ಮೊದಲನೆಯದನ್ನು. ನಾನು ಕಾಲೇಜಿನ ಹಾಜರಿ ಪುಸ್ತಕದಂತಹ ಒಂದು ಹಾಳೆಗೆ ಗೆರೆ ಎಳೆದು, ಹೊತ್ತು, ಪಿಸಿವಿ, ಬಿಳಿ ರಕ್ತಕಣ, ಪ್ಲೇಟ್‌ಲೆಟ್, ರಕ್ತದೊತ್ತಡ, ಮೂತ್ರದ ಪ್ರಮಾಣ ಎಂದು ಅಂಕಣಗಳನ್ನು ಮಾಡಿಕೊಂಡೆ. ಪಾಳಿ ಬದಲಾದಾಗಲೆಲ್ಲ ಹೊಸ ವೈದ್ಯರು ಮೊದಲು ಆ ಹಾಳೆಯನ್ನೇ ಕೇಳಿದರು.

ಅದೇ ದಿನ ಸಂಜೆ ಇವರಿಗೆ ಹೊಟ್ಟೆನೋವು ಆರಂಭವಾಯಿತು. ಕುಡಿಸಿದ್ದೆಲ್ಲ ವಾಂತಿಯಾಗುತ್ತಿತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಅತಿಯಾದ ಮಂಕು ಅಥವಾ ಚಡಪಡಿಕೆ, ಯಕೃತ್ತು ಊದಿಕೊಳ್ಳುವುದು, ಹೊಟ್ಟೆ ಅಥವಾ ಎದೆಯಲ್ಲಿ ನೀರು ತುಂಬುವುದು, ಪಿಸಿವಿ ಏರುತ್ತಿರುವಾಗಲೇ ಪ್ಲೇಟ್‌ಲೆಟ್ ವೇಗವಾಗಿ ಇಳಿಯುವುದು, ಇವು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪಟ್ಟಿಮಾಡಿದ ಎಚ್ಚರಿಕೆಯ ಚಿಹ್ನೆಗಳು. ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಬನ್ನಿ ಎಂದು ವೈದ್ಯರು ಹೇಳಿದ್ದರಿಂದ ರಾತ್ರಿಯೇ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಿಸಿದೆವು. ಹಾಸಿಗೆ ಖಾಲಿಯಾಗುವವರೆಗೆ ತುರ್ತು ಚಿಕಿತ್ಸಾ ವಿಭಾಗದ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕಾಯಬೇಕಾಯಿತು. ಆಧಾರ್, ವಿಮೆಯ ಕಾರ್ಡ್, ಡೆಂಗಿ ವರದಿಯ ಮೂಲ ಪ್ರತಿ, ಮೊದಲ ವೈದ್ಯರ ಚೀಟಿ, ಇಷ್ಟನ್ನೂ ಒಂದೇ ಕಡತದಲ್ಲಿ ಇಟ್ಟುಕೊಂಡು ಹೋದದ್ದರಿಂದ ಕಾಯುವ ಹೊತ್ತಿನಲ್ಲಿಯೇ ವಿಮೆಯ ಪೂರ್ವಾನುಮತಿಯ ಅರ್ಜಿ ಹೋಯಿತು. ‘ಜ್ವರಕ್ಕೆ ಒಳರೋಗಿಯಾಗುವ ಅಗತ್ಯವೇನು?’ ಎಂಬ ಪ್ರಶ್ನೆ ವಿಮೆಯ ಅರ್ಜಿಗಳನ್ನು ಪರಿಶೀಲಿಸುವ ಟಿಪಿಎ ಸಂಸ್ಥೆಯ ಕಡೆಯಿಂದ ಬಂದಾಗ, ವಾಂತಿ ಮತ್ತು ಹೊಟ್ಟೆನೋವನ್ನು ವೈದ್ಯರು ಚೀಟಿಯಲ್ಲಿ ಎಚ್ಚರಿಕೆಯ ಚಿಹ್ನೆ ಎಂದೇ ಬರೆದಿದ್ದದ್ದು ಉಪಯೋಗಕ್ಕೆ ಬಂತು. ಬಾಯಲ್ಲಿ ಹೇಳಿದ ಲಕ್ಷಣಗಳು ಕಾಗದದ ಮೇಲೆ ಬಂದಿವೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ದಾಖಲಾದ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಫೆರಿಟಿನ್ ಎಂಬುದೊಂದಿತ್ತು. ಕಬ್ಬಿಣವನ್ನು ಕೂಡಿಡುವ ಪ್ರೋಟೀನ್ ಎಂದು ನಾನು ಪಾಠದಲ್ಲಿ ಹೇಳುವ ಅದೇ ಫೆರಿಟಿನ್. ಸಾಮಾನ್ಯವಾಗಿ ಕೆಲವು ನೂರರೊಳಗೆ ಇರಬೇಕಾದದ್ದು 4,860 ಎಂದು ಬಂದಿತ್ತು. ಸೋಂಕಿನಿಂದ ಉದ್ರಿಕ್ತಗೊಂಡ ಮ್ಯಾಕ್ರೊಫೇಜ್ ಕಣಗಳು ಇದನ್ನು ರಕ್ತಕ್ಕೆ ಸುರಿಯುತ್ತವೆ. ರೋಗನಿರೋಧಕ ವ್ಯವಸ್ಥೆ ಎಷ್ಟು ಕೆರಳಿದೆ ಎಂಬುದರ ಒರಟಾದ ಅಳತೆ ಅದು. ಹತ್ತು ಸಾವಿರ ದಾಟಿ, ವಾರವಾದರೂ ಜ್ವರ ಇಳಿಯದಿದ್ದರೆ, ಈ ಕಣಗಳು ದೇಹದ ಸ್ವಂತ ರಕ್ತಕಣಗಳನ್ನೇ ನುಂಗತೊಡಗುವ ಎಚ್‌ಎಲ್‌ಎಚ್ ಎಂಬ ಸ್ಥಿತಿಯನ್ನು ಅನುಮಾನಿಸಬೇಕಾಗುತ್ತದೆ, ಅದರ ಚಿಕಿತ್ಸೆಯೇ ಬೇರೆ ಎಂದು ತಜ್ಞ ವೈದ್ಯರು ತಿಳಿಸಿದರು. ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳಾದ ಎಸ್‌ಜಿಒಟಿ 412, ಎಸ್‌ಜಿಪಿಟಿ 260 ಇದ್ದವು. ವೈರಸ್ಸಿನಿಂದ ಬರುವ ಕಾಮಾಲೆಯಲ್ಲಿ ಸಾಮಾನ್ಯವಾಗಿ ಎರಡನೆಯದು ಹೆಚ್ಚಿರುತ್ತದೆ, ಡೆಂಗಿಯಲ್ಲಿ ಮೊದಲನೆಯದು.

ರಕ್ತ ತೆಗೆಯಲು ಬಂದ ಹುಡುಗ ಉರಿಯೂತದ ಮತ್ತೊಂದು ಸೂಚಕವಾದ ಐಎಲ್-6 ಕೂಡ ಮಾಡಿಸುವಿರಾ, ಕೋವಿಡ್ ಕಾಲದಲ್ಲಿ ಎಲ್ಲರೂ ಮಾಡಿಸುತ್ತಿದ್ದರು ಎಂದು ಕೇಳಿದ. ನಮ್ಮ ಓಣಿಯಲ್ಲಿ 2021ರಲ್ಲಿ ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್, ಐಎಲ್-6 ಎಂಬ ನಾಲ್ಕು ಹೆಸರುಗಳನ್ನು ಶಾಲೆಯ ಮೆಟ್ಟಿಲು ಹತ್ತದವರೂ ಬಾಯಿಪಾಠ ಮಾಡಿಕೊಂಡಿದ್ದರು. ಆ ಪಟ್ಟಿಯನ್ನು ಹಾಗೆಯೇ ಡೆಂಗಿಗೆ ಎತ್ತಿಕೊಂಡು ಬರಲಾಗದು ಎಂಬುದನ್ನು ವೈದ್ಯರು ತಾಳ್ಮೆಯಿಂದ ವಿವರಿಸಿದರು. ಕೋವಿಡ್‌ನಲ್ಲಿ ಐಎಲ್-6 ನೋಡಿ ಅದನ್ನು ತಡೆಯುವ ಔಷಧಿ ಕೊಡುವ ದಾರಿಯಾದರೂ ಇತ್ತು. ಡೆಂಗಿಯಲ್ಲಿ ಅದು ಏರಿದೆಯೆಂದು ತಿಳಿದರೂ ಚಿಕಿತ್ಸೆ ಬದಲಾಗುವುದಿಲ್ಲ. ವಿಯೆಟ್ನಾಂ, ಕಾಂಬೋಡಿಯಾ, ಮಲೇಷ್ಯಾ, ಎಲ್ ಸಾಲ್ವಡಾರ್‌ಗಳ ರೋಗಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜ್ವರದ ಮೊದಲ ಮೂರು ದಿನಗಳ ರಕ್ತದಲ್ಲಿ ಉರಿಯೂತಕ್ಕೂ ರಕ್ತನಾಳದ ಒಳಪದರಕ್ಕೂ ಸಂಬಂಧಿಸಿದ ಹತ್ತು ಸೂಚಕಗಳನ್ನು ಅಳೆದು, ಅವು ಮುಂದಿನ ತೀವ್ರತೆಯನ್ನು ಸೂಚಿಸುತ್ತವೆಯೇ ಎಂದು ಪರಿಶೀಲಿಸಿತು. ಒಂದೊಂದನ್ನೇ ನೋಡುವುದಕ್ಕಿಂತ ಹಲವನ್ನು ಕೂಡಿಸಿ ನೋಡಿದಾಗ ಮುನ್ಸೂಚನೆ ಉತ್ತಮವಾಯಿತು. ಮಕ್ಕಳಿಗೆ ಹೊಂದಿದ ಕೂಟವೂ ದೊಡ್ಡವರಿಗೆ ಹೊಂದಿದ ಕೂಟವೂ ಬೇರೆಬೇರೆಯಾಗಿದ್ದವು. ಆ ಹತ್ತರಲ್ಲಿ ನಮ್ಮ ಊರಿನಲ್ಲಿ ದಿನನಿತ್ಯ ಸಿಗುವಂತಹವು ಫೆರಿಟಿನ್ ಮತ್ತು ಸಿಆರ್‌ಪಿ ಎರಡೇ. ಐಎಲ್-6ಗೆ ಕೊಡಬೇಕಾಗಿದ್ದ ಎರಡು ಸಾವಿರ ರೂಪಾಯಿ ಉಳಿಯಿತು ಎನ್ನುವುದಕ್ಕಿಂತ, ಕಾಯಬೇಕಾದ ಅಂಕಿಗಳಲ್ಲಿ ಒಂದು ಕಡಿಮೆಯಾಯಿತೆಂಬುದೇ ನನಗೆ ದೊಡ್ಡ ಸಮಾಧಾನವಾಗಿತ್ತು.

ಐದನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ಇವರು ಎದ್ದು ಕುಳಿತು ಇಡ್ಲಿ ಬೇಕೆಂದರು. ಅತ್ತೆಯವರು ದೇವರಿಗೆ ಕೈಮುಗಿದು, ನಾಳೆ ಮನೆಗೆ ಹೋಗಬಹುದಲ್ಲ ಎಂದರು. ಆದರೆ ದಾದಿಯರು ಅದೇ ಹೊತ್ತಿನಿಂದ ರಕ್ತದೊತ್ತಡವನ್ನು ಗಂಟೆಗೊಮ್ಮೆ ನೋಡತೊಡಗಿದರು. ಡೆಂಗಿಯಲ್ಲಿ ಅಪಾಯದ ಕಾಲ ಆರಂಭವಾಗುವುದೇ ಜ್ವರ ಇಳಿದ ಮೇಲೆ. ಒಂದರಿಂದ ಎರಡು ದಿನಗಳ ಆ ಅವಧಿಯಲ್ಲಿ ರಕ್ತನಾಳಗಳ ಗೋಡೆ ಸಡಿಲಗೊಂಡು ರಕ್ತದ ದ್ರವಭಾಗ ಹೊರಗೆ ಜಿನುಗುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಆ ಗಟ್ಟಿತನವನ್ನು ತೋರಿಸುವುದೇ ಪಿಸಿವಿ. ನಮ್ಮ 42 ಮಧ್ಯಾಹ್ನ 46 ಆಯಿತು, ಸಂಜೆ 48 ಆಯಿತು, ರಾತ್ರಿ 50 ದಾಟಿತು. ಮೂಲ ಅಂಕಿಗಿಂತ ಶೇ 20ರಷ್ಟು ಏರಿದರೆ ದ್ರವ ಸೋರಿಕೆ ಗಣನೀಯವಾಗಿದೆ ಎಂದು ಅರ್ಥ. ಮೊದಲ ದಿನಗಳಲ್ಲಿ ಮಾಡಿಸಿದ ಸಿಬಿಸಿ ವರದಿ ಇಲ್ಲದೆ ಹೋಗಿದ್ದರೆ ಹೋಲಿಸಲು ಮೂಲ ಅಂಕಿಯೇ ಇರುತ್ತಿರಲಿಲ್ಲ. ಜ್ವರ ಬಂದ ಒಂದೆರಡು ದಿನಗಳಲ್ಲಿಯೇ ಒಂದು ಸಿಬಿಸಿ ಮಾಡಿಸಿಟ್ಟುಕೊಳ್ಳುವುದರ ನಿಜವಾದ ಪ್ರಯೋಜನ ಇದು.

ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಗೋಡೆ ಊದಿಕೊಂಡಿದ್ದು, ಹೊಟ್ಟೆಯಲ್ಲಿ ಸ್ವಲ್ಪ, ಬಲಭಾಗದ ಎದೆಗೂಡಿನಲ್ಲಿ ಸ್ವಲ್ಪ ನೀರು ಸೇರಿರುವುದು ಕಂಡಿತು. ಡ್ರಿಪ್‌ನ ವೇಗವನ್ನು ಹೆಚ್ಚಿಸಿದರು. ಮೂತ್ರವನ್ನು ಅಳತೆಯ ಜಗ್ಗಿನಲ್ಲಿ ಹಿಡಿದು ಬರೆಯುವ ಕೆಲಸ ನನ್ನದಾಯಿತು. ರಾತ್ರಿ ಒಂದು ಹೊತ್ತಿನಲ್ಲಿ ರಕ್ತದೊತ್ತಡ 100/82 ಎಂದು ಬಂದಾಗ ನನಗೆ ಅದರಲ್ಲಿ ಅಂತಹದ್ದೇನೂ ಕಾಣಲಿಲ್ಲ. ಕಿರಿಯ ವೈದ್ಯೆ ಮಾತ್ರ ಓಡುತ್ತ ಬಂದರು. ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ರಕ್ತದ ಹರಿವೇ ಕುಸಿಯುವ ‘ಶಾಕ್’ ಸ್ಥಿತಿಯ ಆರಂಭವೆಂದು ಭಾವಿಸುತ್ತಾರೆ. ಇವರ ಅಂಗೈ ತಣ್ಣಗಾಗಿತ್ತು, ಮಾತು ಸರಿಯಾಗಿತ್ತು. ‘ನೀನು ಸ್ವಲ್ಪ ಮಲಗು’ ಎಂದು ನನಗೇ ಹೇಳುತ್ತಿದ್ದರು. ರೋಗಿ ಚೆನ್ನಾಗಿ ಮಾತನಾಡುತ್ತಿರುವಾಗಲೇ ಅವರ ರಕ್ತನಾಳಗಳು ಬರಿದಾಗುತ್ತಿರಬಹುದು ಎಂಬ ತಿಳಿವಳಿಕೆಯಷ್ಟು ಭಯಾನಕವಾದದ್ದು ಆ ಇಡೀ ವಾರದಲ್ಲಿ ಬೇರೆ ಇರಲಿಲ್ಲ. ಡ್ರಿಪ್ ಬದಲಾಯಿಸಿದ ಮೇಲೆ ಪಿಸಿವಿ ಇಳಿಯಿತೇ ಎಂದು ನೋಡಲು ಮತ್ತೆ ರಕ್ತ ತೆಗೆದರು. ವರದಿ ಬರುವವರೆಗಿನ ಹೊತ್ತನ್ನು ನಾನು ಹೇಗೆ ಕಳೆದೆನೆಂದು ಬರೆಯಲಾರೆ. 47 ಎಂದು ಬಂತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಹೊರಗೆ ಬಂಧುಗಳ ಚಿಂತೆ ಪೂರ್ತಿಯಾಗಿ ಬೇರೆಯದೇ ಅಂಕಿಯ ಮೇಲಿತ್ತು. ಫೋನ್ ಮಾಡಿದವರಲ್ಲಿ ಒಬ್ಬರೂ ಪಿಸಿವಿ ಎಷ್ಟು ಎಂದು ಕೇಳಲಿಲ್ಲ. ಆರನೆಯ ದಿನ ಪ್ಲೇಟ್‌ಲೆಟ್ 19,000ಕ್ಕೆ ಇಳಿದಾಗ ಮೈದುನ ರಕ್ತನಿಧಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದ. ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ತೆಗೆಯುವ ಎಸ್‌ಡಿಪಿಗೆ ಹನ್ನೊಂದು ಸಾವಿರ ರೂಪಾಯಿಯ ಆಸುಪಾಸು, ದಾನಿಯನ್ನು ನಾವೇ ಕರೆತರಬೇಕು, ತಪಾಸಣೆ ಸೇರಿ ಮೂರ್ನಾಲ್ಕು ಗಂಟೆ ಬೇಕು. ‘ಅತ್ತಿಗೆ, ದುಡ್ಡಿನ ಮುಖ ನೋಡಬೇಡಿ, ನನ್ನ ಸ್ನೇಹಿತರು ನಾಲ್ವರು ಹೊರಗೆ ನಿಂತಿದ್ದಾರೆ’ ಎಂದ. ವೈದ್ಯರು ಬೇಡ ಎಂದಾಗ ಅವನಿಗೆ ಸಿಟ್ಟು ಬಂತು. ಎಲ್ಲಿಂದಲೂ ರಕ್ತಸ್ರಾವವಿಲ್ಲದಿರುವಾಗ ಹತ್ತು ಸಾವಿರಕ್ಕಿಂತ ಕೆಳಗೆ ಹೋಗುವವರೆಗೆ ಕೊಡುವ ಅಗತ್ಯವಿಲ್ಲ ಎಂದು ವೈದ್ಯರು ಹೇಳಿದರು. ಸಿಂಗಪುರ ಮತ್ತು ಮಲೇಷ್ಯಾಗಳಲ್ಲಿ, ಪ್ಲೇಟ್‌ಲೆಟ್ 20,000 ಅಥವಾ ಅದಕ್ಕಿಂತ ಕಡಿಮೆಯಿದ್ದ 372 ವಯಸ್ಕ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಂಜಾಗ್ರತೆಗಾಗಿ ಪ್ಲೇಟ್‌ಲೆಟ್ ಕೊಟ್ಟವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು ಎಂಬುದನ್ನೂ ತಿಳಿಸಿದರು. ಮೈದುನನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ದಾನಿಗಳ ರಕ್ತದ ಗುಂಪು ಮತ್ತು ಫೋನ್ ಸಂಖ್ಯೆಗಳನ್ನು ಬರೆದು ದಾದಿಯರ ಮೇಜಿಗೆ ಕೊಟ್ಟು ಹೋದ. ಅದು ಸರಿಯಾದ ಕೆಲಸ. ದಾನಿಯನ್ನು ಸಿದ್ಧವಾಗಿಟ್ಟುಕೊಳ್ಳಿ, ಏರಿಸಬೇಕೇ ಬೇಡವೇ ಎಂಬುದನ್ನು ವೈದ್ಯರಿಗೆ ಬಿಡಿ. ಪರಂಗಿ ಎಲೆಯ ರಸ ತಂದವರೂ ಇದ್ದರು. ವಾಂತಿಯಾಗುತ್ತಿದ್ದ ಮನುಷ್ಯನಿಗೆ ಆ ಕಹಿಯನ್ನು ಕುಡಿಸಲು ನಾನು ಒಪ್ಪಲಿಲ್ಲ.

ಪ್ಲೇಟ್‌ಲೆಟ್ ಬಗ್ಗೆ ನನಗೆ ಉಪಯುಕ್ತವೆನಿಸಿದ ಇನ್ನೊಂದು ಅಂಕಿ ಐಪಿಎಫ್. ಅಸ್ಥಿಮಜ್ಜೆಯಿಂದ ಆಗತಾನೆ ಹೊರಬಂದ ಎಳೆಯ ಪ್ಲೇಟ್‌ಲೆಟ್‌ಗಳು ಶೇಕಡ ಎಷ್ಟಿವೆ ಎಂಬುದನ್ನು ಕೆಲವು ಯಂತ್ರಗಳು ಸಿಬಿಸಿಯ ಜೊತೆಯಲ್ಲಿಯೇ ಹೇಳುತ್ತವೆ. ಒಟ್ಟು ಸಂಖ್ಯೆ 19,000ದಲ್ಲಿಯೇ ಇದ್ದರೂ ಐಪಿಎಫ್ ಏರಿತ್ತು. ಒಂದೆರಡು ದಿನಗಳಲ್ಲಿ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ ಎಂಬುದರ ಮುನ್ಸೂಚನೆ ಅದೆಂದು ವೈದ್ಯರು ಹೇಳಿದಂತೆಯೇ ಮುಂದೆ 27,000, ಆಮೇಲೆ 58,000 ಬಂತು.

ಚೇತರಿಕೆಯ ಹಂತದಲ್ಲಿಯೂ ಒಂದು ತಿರುವು ಇತ್ತು. ಪಿಸಿವಿ ಇಳಿದು, ಮೂತ್ರ ಧಾರಾಳವಾಗಿ ಬರತೊಡಗಿದ ಕೂಡಲೇ ಡ್ರಿಪ್ ನಿಲ್ಲಿಸಿದರು. ಇನ್ನೂ ಸುಸ್ತಾಗಿದ್ದಾರಲ್ಲ, ಒಂದು ಬಾಟಲಿ ಹಾಕಿಸಿ ಎಂದು ಅತ್ತೆಯವರು ಒತ್ತಾಯಿಸಿದರು. ಹೊರಗೆ ಜಿನುಗಿದ್ದ ದ್ರವ ಈ ಹಂತದಲ್ಲಿ ಮರಳಿ ರಕ್ತನಾಳಕ್ಕೆ ಬರುತ್ತದೆ. ಆಗ ಡ್ರಿಪ್ ಮುಂದುವರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೇ ಕಷ್ಟವಾಗುತ್ತದೆ. ಅಂಗೈ ಅಂಗಾಲುಗಳಲ್ಲಿ ತಡೆಯಲಾರದ ತುರಿಕೆ, ಕಾಲಿನ ಮೇಲೆ ಕೆಂಪು ಚರ್ಮದ ನಡುವೆ ಬಿಳಿಯ ಮಚ್ಚೆಗಳು, ಹಸಿವು, ಇವು ಗುಣವಾಗುತ್ತಿರುವುದರ ಲಕ್ಷಣಗಳು. ತುರಿಕೆಯನ್ನು ಕಂಡು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು.

ಬಿಡುಗಡೆಯ ದಿನ ಬೆಳಿಗ್ಗೆಯೇ ವೈದ್ಯರು ಸಹಿ ಹಾಕಿದರೂ ವಿಮೆಯ ಅಂತಿಮ ಅನುಮತಿ ಬರುವಾಗ ರಾತ್ರಿಯಾಗಿತ್ತು. ಒಟ್ಟು ಬಿಲ್ಲು 68,000 ರೂಪಾಯಿ. ಅದರಲ್ಲಿ ಕೈಗವಸು, ಸಿರಿಂಜಿನಂತಹ ವಸ್ತುಗಳ ಬಾಬ್ತು ಮತ್ತು ಎರಡನೆಯ ಸಲ ಮಾಡಿದ ಫೆರಿಟಿನ್ ಪರೀಕ್ಷೆ ಸೇರಿ ಒಂಬತ್ತು ಸಾವಿರ ನಮ್ಮ ಕೈಯಿಂದ ಹೋಯಿತು. ಫೆರಿಟಿನ್‌ಗೆ ಕಾರಣ ಕೇಳಿ ಬಂದ ಪತ್ರಕ್ಕೆ, ಎಚ್‌ಎಲ್‌ಎಚ್ ಅನುಮಾನದಿಂದ ಮಾಡಲಾಯಿತು ಎಂಬ ವೈದ್ಯರ ಟಿಪ್ಪಣಿಯನ್ನು ಸೇರಿಸಿ ಮರುಪಾವತಿಗೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ದಾಖಲಾಗುವ ಮುಂಚೆ ಹೊರಗೆ ಮಾಡಿಸಿದ ಪರೀಕ್ಷೆಗಳ ರಸೀದಿಗಳಿಗೂ ಹಣ ಬರುತ್ತದೆ, ಆದರೆ ಪ್ರತಿ ರಸೀದಿಗೂ ವೈದ್ಯರ ಚೀಟಿ ಜೊತೆಗಿರಬೇಕು. ಮೈದುನ ಗಾಬರಿಯಲ್ಲಿ ಮಾಡಿಸಿದ ಆ ಎರಡನೆಯ ಸಿಬಿಸಿಗೆ ಚೀಟಿ ಇರಲಿಲ್ಲ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಇಲಾಖೆಯ ಸಿಬ್ಬಂದಿ ಲಾರ್ವಾ ಸಮೀಕ್ಷೆಗೆಂದು ಬಂದರು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಮೇಲೆ, ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಲು ಬಿಟ್ಟರೆ ದಂಡ ಹಾಕಲು ಅವಕಾಶವಿದೆ. ತೊಟ್ಟಿ, ಫ್ರಿಜ್ಜಿನ ಹಿಂಭಾಗದ ತಟ್ಟೆ ಎಲ್ಲವೂ ಸರಿಯಾಗಿದ್ದವು. ಹಿತ್ತಲಿನಲ್ಲಿ ಬಿದ್ದಿದ್ದ ಅಡಿಕೆ ಹಾಳೆಯೊಂದರಲ್ಲಿ ನಿಂತ ಮಳೆನೀರಿನಲ್ಲಿ ಮರಿಗಳು ಓಡಾಡುತ್ತಿದ್ದವು. ಹಗಲೆಲ್ಲ ಮಂಡಿಯಲ್ಲಿರುವ ಇವರಿಗೆ ಸೊಳ್ಳೆ ಕಚ್ಚಿದ್ದು ಇಲ್ಲಿಯೋ ಅಲ್ಲಿಯೋ ಹೇಳಲಾಗದು. ಎರಡೂ ಕಡೆ ಹಾಳೆಗಳಿಗೆ ಬರವಿಲ್ಲ.

ಮರುಭೇಟಿಯಲ್ಲಿ ನಾನು ಕೇಳಿದ್ದು ಮುಂದಿನ ಸಲದ ಬಗ್ಗೆ. ಎರಡು ಬಗೆಗಳು ಬಂದುಹೋದವರಲ್ಲಿ ಮೂರನೆಯ ಸೋಂಕು ತೀವ್ರವಾಗುವುದು ಅಪರೂಪ ಎಂದರು. ಲಸಿಕೆಯ ಮಾತು ಬಂದಾಗ, ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳಿಗೆ ಕೊಟ್ಟ ಡೆಂಗ್‌ವ್ಯಾಕ್ಸಿಯಾ ಹಿಂದೆ ಡೆಂಗಿಯೇ ಬಾರದವರಲ್ಲಿ ತೀವ್ರ ರೋಗದ ಅಪಾಯವನ್ನು ಹೆಚ್ಚಿಸಬಲ್ಲದೆಂದು ತಿಳಿದು 2017ರಲ್ಲಿ ಅಲ್ಲಿ ಅದನ್ನು ನಿಲ್ಲಿಸಿದ್ದನ್ನು ನೆನಪಿಸಿದರು. ನಾಲ್ಕೂ ಬಗೆಗಳನ್ನು ಗುರಿಯಾಗಿಸಿದ, ನಮ್ಮ ದೇಶದಲ್ಲಿಯೇ ತಯಾರಾದ ಡೆಂಗಿಆಲ್ ಲಸಿಕೆಯ ಮೂರನೆಯ ಹಂತದ ಪ್ರಯೋಗವನ್ನು ಐಸಿಎಂಆರ್ ಮತ್ತು ಪ್ಯಾನೇಸಿಯಾ ಬಯೋಟೆಕ್ 2024ರ ಆಗಸ್ಟ್‌ನಲ್ಲಿ ಆರಂಭಿಸಿವೆ. ನನ್ನ ಆತಂಕ ಈಗ ಇವರಿಗಿಂತ ಮಗಳ ಬಗ್ಗೆ ಹೆಚ್ಚು. ಅವಳಿಗೆ ಹಿಂದೆ ಡೆಂಗಿ ಬಂದಿದೆಯೇ ಎಂದು ತಿಳಿಯಲು ಐಜಿಜಿ ಮಾಡಿಸಲೇ ಎಂದು ಕೇಳಿದೆ. ಈಗ ಅದರಿಂದ ಮಾಡುವುದೇನೂ ಇಲ್ಲ, ಜ್ವರ ಬಂದಾಗ ಹೊತ್ತು ಬರೆದಿಟ್ಟುಕೊಂಡು ಬನ್ನಿ ಎಂದರು. ಇವರ ಎಸ್‌ಜಿಪಿಟಿಯನ್ನು ಇನ್ನೊಮ್ಮೆ ನೋಡಬೇಕಿದೆ, ತಿಂಗಳ ಕೊನೆಗೆ ಬರಲು ಹೇಳಿದ್ದಾರೆ. ಮಂಡಿಗೆ ಹೋಗಲು ಅನುಮತಿ ಸಿಕ್ಕಿದೆ, ಸದ್ಯಕ್ಕೆ ಮಧ್ಯಾಹ್ನದವರೆಗೆ ಮಾತ್ರ.